ಮರೆ ಯಾರಿಂದ? ಎರಡು ಪುಸ್ತಕ, ಎರಡು ಪೇಟೆ

ಹೆಣ್ಣಿನ ಉಡಿಗೆ ತೊಡಿಗೆಗಳ ವರ್ಣನೆಗೆ ನಮ್ಮ ಕಾವ್ಯಗಳಲ್ಲಿ ಬರವಿಲ್ಲ. ಸೆರಗು ಜಾರಿದ್ದು, ಕುಪ್ಪಸ ಬಿಗಿದದ್ದು, ನಿರಿಗೆ ಚಿಮ್ಮಿದ್ದು ಎಲ್ಲವನ್ನೂ ಕವಿಗಳು ಕಣ್ತುಂಬ ಕಂಡಿದ್ದಾರೆ. ಆದರೆ ಆ ಕುಪ್ಪಸದ ಬಟ್ಟೆಯನ್ನು ಅವಳು ಯಾವ ಅಂಗಡಿಯಲ್ಲಿ ಕೊಂಡಳು, ಯಾರ ಎದುರಿಗೆ ನಿಂತು ಅಳತೆ ಹೇಳಿದಳು, ಹೇಳುವಾಗ ಎಷ್ಟು ಸಂಕೋಚಪಟ್ಟಳು ಎಂದು ಕೇಳಿದವರು ವಿರಳ. ಉಟ್ಟು ನಿಂತ ಹೆಣ್ಣು ಕಾವ್ಯಕ್ಕೆ ವಸ್ತುವಾದಳು. ಕೊಳ್ಳಲು ಹೊರಟ ಹೆಣ್ಣು ಆಗಲಿಲ್ಲ. ಒಳಗೆ ತೊಡುವ ಬಟ್ಟೆಯ ಮಾತಂತೂ ಸಾಹಿತ್ಯದ ಪುಟಕ್ಕೆ ಸಲ್ಲದೆಂದೇ ಬಹುಮಂದಿಯ ಭಾವನೆ. ಈ ಲೇಖನದ ವಿಷಯವನ್ನು ಕಂಡು ಕೆಲವು ವಾಚಕರು ಹುಬ್ಬೇರಿಸಿದರೆ ಆಶ್ಚರ್ಯವಿಲ್ಲ. ಆದರೆ ಲಜ್ಜೆ ಎಂಬ ಭಾವವನ್ನು ಅರ್ಥಮಾಡಿಕೊಳ್ಳಬೇಕೆಂಬ ವಿಮರ್ಶೆಗೆ ಈ ಅಂಗಡಿಯ ಬಾಗಿಲನ್ನು ದಾಟದೆ ವಿಧಿಯಿಲ್ಲ.

ಅರಬ್ಬೀ ಲೋಕಕ್ಕೆ ಸೇರಿದ ಎರಡು ಪುಸ್ತಕಗಳನ್ನು ಒಟ್ಟಿಗೆ ಇಟ್ಟು ಓದಿದರೆ ಈ ಪ್ರಶ್ನೆ ಸ್ಪಷ್ಟವಾಗುತ್ತದೆ. ಒಂದು, ಮಾಲು ಹಲಾಸಾ ಮತ್ತು ರನಾ ಸಲಾಂ ಎಂಬ ಇಬ್ಬರು ಮಹಿಳೆಯರು ಸೇರಿ 2008ರಲ್ಲಿ ಹೊರತಂದ ಇಂಗ್ಲಿಷ್ ಗ್ರಂಥ. ಸಿರಿಯಾ ದೇಶದ ಒಳಉಡುಪಿನ ಗುಟ್ಟಿನ ಬಾಳು ಎಂಬರ್ಥದ ಹೆಸರು ಅದಕ್ಕೆ. ಇನ್ನೊಂದು, ರಜಾ ಅಲ್‌ಸಾನಿಯಾ ಎಂಬ ಸೌದಿ ಯುವತಿ ಬರೆದ 'ಬನಾತ್ ಅಲ್ ರಿಯಾದ್', ಎಂದರೆ 'ರಿಯಾದಿನ ಹುಡುಗಿಯರು', ಎಂಬ ಕಾದಂಬರಿ. ಇದು 2005ರಲ್ಲಿ ಬೈರೂತಿನಲ್ಲಿ ಅಚ್ಚಾಗಿ, 2007ರಲ್ಲಿ ಇಂಗ್ಲಿಷಿಗೆ ಬಂದಿತು. ಒಂದು ಚಿತ್ರ, ಸಂದರ್ಶನ, ಪ್ರಬಂಧಗಳ ಸಂಕಲನ, ಇನ್ನೊಂದು ಕಟ್ಟುಕಥೆ. ಎರಡರಲ್ಲಿಯೂ ಮೈಮುಚ್ಚಿ ನಡೆಯುವ ಮುಸಲ್ಮಾನ ಸ್ತ್ರೀಯರೂ ಅವರ ಒಳಉಡುಪುಗಳೂ ಬರುತ್ತವೆ. ಈ ಎರಡು ಪುಸ್ತಕಗಳ ಜೊತೆಗೆ, 2006ರಿಂದ 2012ರವರೆಗೆ, ಸೌದಿ ಅರೇಬಿಯದ ಪೇಟೆಯಲ್ಲಿ ನಿಜವಾಗಿ ನಡೆದ ಒಂದು ಪ್ರಕರಣವಿದೆ. ಅದನ್ನೂ ಸೇರಿಸಿ ನೋಡಿದರೆ ಮಾತ್ರ ಚಿತ್ರ ಪೂರ್ಣವಾದೀತು.

ಮೊದಲು ಸಿರಿಯದ ಗ್ರಂಥ. ದಮಾಸ್ಕಸ್ ನಗರದ ಹಳೆಯ ಕೋಟೆಯೊಳಗೆ ಅಲ್ ಹಮೀದಿಯಾ ಎಂಬ ದೊಡ್ಡ ಪೇಟೆಯಿದೆ. ಮೇಲೆ ಕಬ್ಬಿಣದ ಮಾಡು, ಇಕ್ಕೆಲದಲ್ಲಿ ಸಾಲು ಅಂಗಡಿ, ಕೊನೆಯಲ್ಲಿ ಉಮಯ್ಯದ್ ಮಸೀದಿ. ಇಸ್ಲಾಮಿನ ಅತಿ ಪ್ರಾಚೀನವಾದ, ಅತಿ ಗೌರವದ ಮಸೀದಿಗಳಲ್ಲಿ ಅದೊಂದು. ಅದಕ್ಕೆ ಹೋಗುವ ದಾರಿಯ ಪೇಟೆಯಲ್ಲಿಯೇ ಬಣ್ಣಬಣ್ಣದ ಒಳಉಡುಪುಗಳನ್ನು ಎಲ್ಲರ ಕಣ್ಣಿಗೆ ಬೀಳುವಂತೆ ತೂಗುಹಾಕಿ ಮಾರುತ್ತಾರೆ. ನಮ್ಮ ಹೆಂಗಸರು 'ಬಾಡಿ' ಎಂದು ಕರೆಯುವ ಸಾದಾ ಎದೆಕಟ್ಟಿನ ಮಾತು ಇದಲ್ಲ. ಹಕ್ಕಿಯ ಗರಿ ಹೊಲಿದದ್ದು, ಪ್ಲಾಸ್ಟಿಕ್ ಹೂವು ಮುಡಿಸಿದ್ದು, ಚಿಟ್ಟೆ ಕೂರಿಸಿದ್ದು, ಮಿಣುಕುದೀಪ ಹತ್ತುವಂಥದ್ದು, ಒತ್ತಿದರೆ ಹಾಡುವಂಥದ್ದು ಹೀಗೆ ನಾನಾ ಬಗೆ. ಇವುಗಳನ್ನು ಪರದೇಶದಿಂದ ತರಿಸಿದ್ದೂ ಅಲ್ಲ. ಸಿರಿಯದವರೇ, ಬಹುಮಟ್ಟಿಗೆ ಮನೆತನದ ಸಣ್ಣ ಕಾರ್ಖಾನೆಗಳಲ್ಲಿ, ಕಲ್ಪಿಸಿ ಹೊಲಿದದ್ದು. ಕೊಳ್ಳುವವರಲ್ಲಿ ಹೆಚ್ಚಿನವರು ತಲೆವಸ್ತ್ರ ಕಟ್ಟಿ ನೀಳವಾದ ಕೋಟು ತೊಟ್ಟ ಸಂಪ್ರದಾಯಸ್ಥ ಹೆಂಗಸರು. ಮದುವೆಯ ಜವಳಿ ತೆಗೆಯಲು ತಾಯಿ, ಅತ್ತೆ, ಅಕ್ಕತಂಗಿಯರೊಡನೆ ಬಂದು, ಸೀರೆ ಆರಿಸುವಾಗ ನಮ್ಮವರು ಹೇಗೋ ಹಾಗೆ, ತಿರುವಿ ನೋಡಿ, ಚೌಕಾಶಿ ಮಾಡಿ, ನಕ್ಕು, ಕೊಂಡುಹೋಗುತ್ತಾರೆ. ಮಾರುವವನು ಮಾತ್ರ ಗಂಡಸು.

ಈ ಸಂಗತಿಗಳನ್ನು ಸಂಪಾದಿಕೆಯರು ಶ್ರದ್ಧೆಯಿಂದ ಸಂಗ್ರಹಿಸಿದ್ದಾರೆ. ವಿಚಿತ್ರ ವಸ್ತುಗಳನ್ನು ಕಂಡು ನಗುವ ಸುಲಭ ಮಾರ್ಗವನ್ನು ಹಿಡಿಯದೆ, ಅವುಗಳ ಹಿಂದಿರುವ ಕುಶಲತೆಯನ್ನೂ ವ್ಯಾಪಾರವನ್ನೂ ದಾಂಪತ್ಯದ ಕಲ್ಪನೆಗಳನ್ನೂ ತೋರಿಸಲು ಯತ್ನಿಸಿದ್ದಾರೆ. ಇಷ್ಟಕ್ಕೆ ಅವರು ಅಭಿನಂದನಾರ್ಹರು. ಆದರೆ ಗ್ರಂಥದ ಹೆಸರಿನಲ್ಲಿಯೇ ಒಂದು ತೊಡಕಿದೆ. 'ಗುಟ್ಟಿನ ಬಾಳು' ಎನ್ನುತ್ತಾರಲ್ಲ, ಗುಟ್ಟು ಯಾರಿಗೆ? ಹಾಡುಹಗಲಿನಲ್ಲಿ ಮಸೀದಿಯ ಹಾದಿಯಲ್ಲಿ ತೂಗುಬಿದ್ದ ಬಟ್ಟೆ ದಮಾಸ್ಕಸಿನವರಿಗೆ ಗುಟ್ಟಲ್ಲ. ಅತ್ತೆ ಸೊಸೆಗೆ ಆರಿಸಿಕೊಡುವ ವಸ್ತು ಗುಟ್ಟಾಗುವುದು ಹೇಗೆ? ಬುರುಖಾ ಎಂದರೆ ಬಯಕೆಯ ನಿರಾಕರಣೆ ಎಂದು ಮೊದಲೇ ನಿಶ್ಚಯಿಸಿಕೊಂಡ ಪರದೇಶದ ಓದುಗನಿಗೆ ಮಾತ್ರ ಅದು ಗುಟ್ಟು. ಅವನ ಆಶ್ಚರ್ಯವೇ ಪುಸ್ತಕದ ಹೆಸರಾಯಿತು.

ಈ ಆಶ್ಚರ್ಯಕ್ಕೆ ಧರ್ಮಗ್ರಂಥದಲ್ಲಿ ಆಧಾರವಿದೆಯೇ ಎಂದು ನೋಡಬೇಕು. ಉಡುಪಿನ ಮರ್ಯಾದೆಗೆ ಮುಸಲ್ಮಾನರು ಮುಖ್ಯವಾಗಿ ಆಧಾರವಾಗಿ ಹಿಡಿಯುವುದು ಕುರಾನಿನ ಇಪ್ಪತ್ತನಾಲ್ಕನೆಯ ಅಧ್ಯಾಯವಾದ 'ಅನ್ ನೂರ್'ನ 30 ಮತ್ತು 31ನೆಯ ವಾಕ್ಯಗಳನ್ನು. ಇವುಗಳ ಕ್ರಮ ಗಮನಾರ್ಹವಾದುದು. ಮೊದಲನೆಯ ವಾಕ್ಯ ಗಂಡಸರಿಗೆ: ನೋಟವನ್ನು ತಗ್ಗಿಸಿರಿ ಎಂಬ ಆದೇಶ ಮೊದಲು ಬರುವುದು ಅವರಿಗೆ. ಆಮೇಲೆ ಹೆಂಗಸರಿಗೆ. ಅವರು ಎದೆಯ ಮೇಲೆ ವಸ್ತ್ರವನ್ನು ಹೊದೆಯಬೇಕು, ತಮ್ಮ ಅಲಂಕಾರವನ್ನು ಪರರಿಗೆ ತೋರಬಾರದು ಎಂದು ಹೇಳಿ, ಯಾರೆದುರಿಗೆ ತೋರಬಹುದೆಂಬ ಒಂದು ಪಟ್ಟಿಯನ್ನು ಅದು ಕೊಡುತ್ತದೆ. ಗಂಡ ಮೊದಲು, ಅನಂತರ ತಂದೆ, ಮಾವ, ಮಕ್ಕಳು, ಒಡಹುಟ್ಟಿದವರು, ಅವರ ಮಕ್ಕಳು, ಹೆಂಗಸರು ಹೀಗೆ ಅದು ಸಾಗುತ್ತದೆ. ಅಲಂಕಾರವೇ ಬೇಡ ಎಂಬ ಮಾತು ಇಲ್ಲಿ ಇಲ್ಲ. ಅಲಂಕಾರ ಇದೆ ಎಂದು ಒಪ್ಪಿಕೊಂಡೇ ವಾಕ್ಯ ಹೊರಡುತ್ತದೆ. ಅದು ವಿಚಾರಿಸುವುದು ಯಾರ ಎದುರಿಗೆ ಎಂಬುದನ್ನು. ಗಂಡನೆದುರಿಗೆ ಸಿಂಗರಿಸಿಕೊಳ್ಳುವುದು ಮರ್ಯಾದೆಗೆಟ್ಟ ನಡತೆ ಎಂದು ಆ ಪರಂಪರೆ ಎಣಿಸಿಲ್ಲ. ಆದ್ದರಿಂದ ದಮಾಸ್ಕಸಿನ ಹೆಣ್ಣು ಹೊರಗೆ ನೀಳ ಕೋಟನ್ನೂ ಒಳಗೆ ಗರಿಯ ಕುಪ್ಪಸವನ್ನೂ ತೊಟ್ಟಾಗ ಎರಡು ಬಾಳು ಬಾಳುತ್ತಿಲ್ಲ. ಒಂದೇ ನಿಯಮದ ಎರಡು ಕೊನೆಗಳನ್ನು ಹಿಡಿದಿದ್ದಾಳೆ.

ನಮ್ಮ ಆಲಂಕಾರಿಕರ ಭಾಷೆಯಲ್ಲಿ ಹೇಳುವುದಾದರೆ ಇದು ಔಚಿತ್ಯದ ಪ್ರಶ್ನೆ. ಕಾಶ್ಮೀರದ ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿ ಔಚಿತ್ಯವನ್ನು ವಿವರಿಸುವಾಗ ಆರಿಸಿಕೊಂಡ ಉದಾಹರಣೆ ಉಡಿಗೆ ತೊಡಿಗೆಯದೇ. ಸೊಂಟದ ಡಾಬನ್ನು ಕೊರಳಿಗೆ ಹಾಕಿಕೊಂಡರೆ ನಗೆಗೀಡಾಗುತ್ತದೆ. ದೋಷ ಡಾಬಿನದಲ್ಲ, ಸ್ಥಾನದ್ದು. ಲಜ್ಜೆಯೂ ಅಂಥದೇ. ಅದು ಬಟ್ಟೆಯಲ್ಲಿ ನೆಯ್ದು ಬಂದಿರುವುದಿಲ್ಲ. ಯಾರು ನೋಡುತ್ತಾರೆ, ಎಲ್ಲಿ ನೋಡುತ್ತಾರೆ, ನೋಡಿಸಿಕೊಳ್ಳುವವಳ ಒಪ್ಪಿಗೆ ಇದೆಯೇ ಎಂಬುದರಿಂದ ಅದು ಹುಟ್ಟುತ್ತದೆ.

ಈ ತಿಳಿವಳಿಕೆ ಇಲ್ಲದಿದ್ದಾಗ ಏನಾಗುತ್ತದೆ ಎಂಬುದಕ್ಕೆ ನಿದರ್ಶನಗಳಿವೆ. ಜರ್ಮನಿಯ ಒಂದು ಒಳಉಡುಪಿನ ವ್ಯಾಪಾರ ಸಂಸ್ಥೆ ಕೆಲವು ವರ್ಷಗಳ ಹಿಂದೆ ಒಂದು ಜಾಹೀರಾತು ಚಿತ್ರ ಮಾಡಿತು. ಕನ್ನಡಿಯ ಮುಂದೆ ಹೆಣ್ಣೊಬ್ಬಳು ಒಂದೊಂದಾಗಿ ಒಳಉಡುಪು ತೊಡುತ್ತಾಳೆ. ಕೊನೆಗೆ ಕಪ್ಪು ಮುಸುಕನ್ನು ಎಳೆದುಕೊಂಡು ಕಣ್ಣು ಮಾತ್ರ ಉಳಿಸುತ್ತಾಳೆ. ಚಿತ್ರ ಮುಸುಕಿನವಳನ್ನು ಗೌರವಿಸುವಂತೆ ತೋರುತ್ತದೆ. ಆದರೆ ಅವಳು ಯಾರಿಂದ ಮರೆಯಾಗಬಯಸಿದಳೋ ಆ ಪರಪುರುಷನನ್ನೇ ಅವಳ ಕೋಣೆಯೊಳಗೆ ಕೂರಿಸಿ, ಎಲ್ಲವನ್ನೂ ತೋರಿಸಿದ ಮೇಲೆ ಮುಸುಕು ಹಾಕಿಸುತ್ತದೆ. ಮುಸುಕಿನ ಒಳಗೇನಿದೆ ಎಂಬ ಈ ಕುತೂಹಲಕ್ಕೆ ಹಳೆಯ ವಂಶಾವಳಿಯಿದೆ. ಅಲ್ಜೀರಿಯದ ಕವಿ ಮಾಲೆಕ್ ಅಲ್ಲೂಲಾ ಅವರು 1981ರಲ್ಲಿ ಫ್ರೆಂಚಿನಲ್ಲಿ ಪ್ರಕಟಿಸಿದ, ವಸಾಹತು ಕಾಲದ ಅಂತಃಪುರವನ್ನು ಕುರಿತ ಗ್ರಂಥ ಇದನ್ನು ಬಯಲಿಗೆಳೆಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಫ್ರೆಂಚ್ ಛಾಯಾಗ್ರಾಹಕರು ಅಲ್ಜೀರಿಯದ ಹೆಂಗಸರದೆಂದು ಅಚ್ಚು ಹಾಕಿಸಿದ ಅಂಚೆಕಾರ್ಡುಗಳನ್ನು ಅವರು ಒಂದೊಂದಾಗಿ ಪರೀಕ್ಷಿಸಿದರು. ಬೀದಿಯಲ್ಲಿ ಮುಸುಕಿನವಳು ಕ್ಯಾಮೆರಾಕ್ಕೆ ದಕ್ಕಲಿಲ್ಲ. ಆದ್ದರಿಂದ ಹಣ ಕೊಟ್ಟು ಕರೆತಂದ ಹೆಂಗಸರನ್ನು ಸ್ಟುಡಿಯೋದಲ್ಲಿ ಕೂರಿಸಿ, ಅರೆಬರೆ ಬಟ್ಟೆ ತೊಡಿಸಿ, ಇದೇ ಅಂತಃಪುರವೆಂದು ಊರಿಗೆ ಕಳುಹಿಸಿದರು.

ಈ ದೃಷ್ಟಿಯಿಂದ ಸಿರಿಯದ ಗ್ರಂಥದಲ್ಲಿ ಒಂದು ಸ್ವಾರಸ್ಯವಿದೆ. ದಮಾಸ್ಕಸಿನ ತಯಾರಕರೂ ತಮ್ಮ ಸರಕಿನ ಚಿತ್ರಪುಸ್ತಕಗಳಿಗೆ ತಮ್ಮ ನಾಡಿನ ಹೆಂಗಸರನ್ನು ಬಳಸಲಿಲ್ಲ. ಅದಕ್ಕೆ ಪೂರ್ವ ಯೂರೋಪಿನಿಂದ ಬಂದ ಹೆಂಗಸರನ್ನು ನಿಲ್ಲಿಸಿದರು. ಫ್ರೆಂಚರು ಅರಬ್ ಹೆಂಗಸನ್ನು ಕೂಲಿಗೆ ತಂದು ತಮ್ಮ ಕನಸನ್ನು ತೊಡಿಸಿದರು. ಅರಬ್ ವ್ಯಾಪಾರಿ ಯೂರೋಪಿನ ಹೆಂಗಸನ್ನು ಕೂಲಿಗೆ ತಂದು ತನ್ನ ಸರಕನ್ನು ತೊಡಿಸಿದ. ಎರಡು ಕಡೆಯಲ್ಲೂ ಪರನಾಡಿನ ಬಡ ಹೆಣ್ಣಿಗೆ ಲಜ್ಜೆಯ ಹಕ್ಕು ಇರಲಿಲ್ಲ. ತಮ್ಮವಳಿಗೆ ಮರೆ, ಪರರವಳಿಗೆ ಬಯಲು ಎಂಬ ಈ ಲೆಕ್ಕವನ್ನು ಸಂಪಾದಿಕೆಯರು ಇನ್ನಷ್ಟು ನಿಷ್ಠುರವಾಗಿ ವಿಚಾರಿಸಬಹುದಿತ್ತು. ಅಂತೆಯೇ ಕೊಳ್ಳುವವಳ ಇಷ್ಟಾನಿಷ್ಟಗಳನ್ನೂ. ಅತ್ತೆ ಆರಿಸಿಕೊಟ್ಟ ಗರಿಯ ಉಡುಪು ಸೊಸೆಗೆ ಹಿಡಿಸಿತೇ? ಗಂಡನ ಮನಸ್ಸನ್ನು ಕಟ್ಟಿಡುವ ಹೊಣೆ ಅವಳೊಬ್ಬಳದೇ ಏಕೆ? ದಾಂಪತ್ಯದ ಸಂಭ್ರಮವೆಂದು ಅಂಗಡಿಯವ ಮಾರುವುದು ಮನೆಯಲ್ಲಿ ಕರ್ತವ್ಯವಾಗಿ ಬಿಡಬಹುದು. ತಯಾರಕರ ಹುರುಪು ಪುಟಗಳಲ್ಲಿ ಎದ್ದುಕಾಣುವಷ್ಟು ಈ ಸಂದೇಹ ಎದ್ದುಕಾಣುವುದಿಲ್ಲ. ಗ್ರಂಥ ಹೊರಬಂದ ಮೂರು ವರ್ಷಕ್ಕೆ, 2011ರಲ್ಲಿ, ಸಿರಿಯದಲ್ಲಿ ಬಂಡಾಯವೂ ಅನಂತರ ದೀರ್ಘ ಯುದ್ಧವೂ ಹತ್ತಿಕೊಂಡವು. ಅಲೆಪ್ಪೊ ಮತ್ತು ದಮಾಸ್ಕಸ್ ಸುತ್ತಲಿನ ಜವಳಿ ಉದ್ಯಮ ಅಪಾರ ನಷ್ಟಕ್ಕೀಡಾಯಿತು. ಹಾಗಾಗಿ ಪುಸ್ತಕ ಇಂದು ಯುದ್ಧಪೂರ್ವದ ಒಂದು ಪೇಟೆಯ ದಾಖಲೆಯಾಗಿಯೂ ಉಳಿದಿದೆ.

ದಮಾಸ್ಕಸಿನಲ್ಲಿ ಗಂಡಸು ಮಾರಿದರೂ ಹೆಂಗಸರು ನಿರಾಳವಾಗಿ ಕೊಂಡರು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಈಗ ಸೌದಿ ಅರೇಬಿಯದ ಕಡೆ ತಿರುಗೋಣ. ಧರ್ಮ ಒಂದೇ, ಭಾಷೆಯೂ ಅರಬ್ಬಿಯೇ. ಹೆಂಗಸರ ಹೊರ ಉಡುಪು ಆಗ ಇನ್ನೂ ಬಿಗಿಯಾಗಿತ್ತು: ಅಡಿಯಿಂದ ಮುಡಿಯವರೆಗೆ ಕಪ್ಪು ಅಬಾಯ. ಗಂಡು ಹೆಣ್ಣು ಬೆರೆಯದಂತೆ ಶಾಲೆ, ಬ್ಯಾಂಕು, ಹೋಟೆಲು ಎಲ್ಲದರಲ್ಲೂ ಆಗ ಬೇರೆ ಬೇರೆ ಬಾಗಿಲು ಇರುತ್ತಿತ್ತು. ಇಂಥ ನಾಡಿನಲ್ಲಿ, 2012ರ ಆರಂಭದವರೆಗೆ, ಹೆಂಗಸರ ಒಳಉಡುಪಿನ ಅಂಗಡಿಗಳಲ್ಲಿ ಮಾರುತ್ತಿದ್ದವರು ಬಹುತೇಕ ಗಂಡಸರೇ. ಹೆಣ್ಣು ಸಾರ್ವಜನಿಕ ಸ್ಥಳದಲ್ಲಿ ದುಡಿಯಬಾರದೆಂಬ ಕಟ್ಟು ಎಷ್ಟು ಬಿಗಿಯಾಗಿತ್ತೆಂದರೆ, ಹೆಣ್ಣಿನ ಎದೆಯ ಅಳತೆಯನ್ನು ಪರಗಂಡಸು ಕೇಳುವ ಅಭಾಸ ಯಾರಿಗೂ ಅಭಾಸವಾಗಿ ಕಾಣದೆಹೋಯಿತು. ಗಂಡಸರು ಮಾರುವ ಅಂಗಡಿಯಲ್ಲಿ ಬಟ್ಟೆ ತೊಟ್ಟು ನೋಡುವ ಕೋಣೆಗೆ ಅವಕಾಶವೂ ಇರಲಿಲ್ಲ. ಅಂದಾಜಿನಲ್ಲಿ ಕೊಂಡು, ಮನೆಗೆ ಹೋಗಿಯೋ, ಆ ಕಟ್ಟಡದ ಶೌಚಗೃಹದಲ್ಲಿಯೋ ತೊಟ್ಟು ನೋಡಿ, ಸರಿಹೋಗದಿದ್ದರೆ ಮತ್ತೆ ಅದೇ ಗಂಡಸಿನ ಮುಂದೆ ನಿಂತು ಬದಲಿಸಿಕೊಳ್ಳಬೇಕು. ಮುಸುಕಿನೊಳಗಿನ ಮೈಯನ್ನು ಕಣ್ಣಿನಿಂದಲೇ ಅಳೆದು ಇಂಥ ಅಳತೆ ಸಾಕೆಂದು ಹೇಳುವ ಮಾರಾಟಗಾರನ ಮಾತು ಅವರಿಗೆ ಎಷ್ಟು ಹಿಂಸೆಯಾಗಿರಬೇಕು!

ಇದನ್ನು ಬದಲಿಸಲು ಮೊದಲು ಹೊರಟವರು ಒಬ್ಬ ಕವಿ. ಘಾಜಿ ಅಲ್ ಗೊಸೈಬಿ (1940–2010) ಅರಬ್ಬೀ ಲೋಕದ ಹೆಸರಾಂತ ಕವಿ, ಕಾದಂಬರಿಕಾರ. ರಾಯಭಾರಿಯೂ ಆಗಿದ್ದು, ಕೊನೆಯ ವರ್ಷಗಳಲ್ಲಿ ಸೌದಿ ಅರೇಬಿಯದ ಕಾರ್ಮಿಕ ಸಚಿವರಾಗಿದ್ದರು. ಒಳಉಡುಪಿನ ಅಂಗಡಿಗಳಲ್ಲಿ ಹೆಂಗಸರೇ ಮಾರಬೇಕೆಂಬ ನಿಯಮ 2006ರ ಹೊತ್ತಿಗೆ ಅವರ ಖಾತೆಯಿಂದ ಹೊರಟಿತು. ಸಂಪ್ರದಾಯಸ್ಥರ ವಿರೋಧದಿಂದ ಅದು ಕಾಗದದ ಮೇಲೆಯೇ ಉಳಿಯಿತು. ಅನಂತರ 2008ರಲ್ಲಿ ಜಿದ್ದಾ ನಗರದ ದಾರ್ ಅಲ್ ಹಿಕ್ಮಾ ಕಾಲೇಜಿನಲ್ಲಿ ಹಣಕಾಸು ಶಾಸ್ತ್ರ ಕಲಿಸುತ್ತಿದ್ದ ರೀಮ್ ಅಸ್ಅದ್ ಎಂಬಾಕೆ ಚಳವಳಿಯನ್ನು ಕೈಗೆತ್ತಿಕೊಂಡರು. ಫೇಸ್‌ಬುಕ್ಕಿನಲ್ಲಿ ಹೆಂಗಸರನ್ನು ಒಟ್ಟುಗೂಡಿಸಿ, ಗಂಡಸರು ಮಾರುವ ಅಂಗಡಿಗಳನ್ನು ಬಹಿಷ್ಕರಿಸಲು ಕರೆಕೊಟ್ಟರು. ದೊರೆ ಅಬ್ದುಲ್ಲಾ ಅವರ ರಾಜಾಜ್ಞೆ 2011ರಲ್ಲಿ ಹೊರಟಿತು; 2012ರ ಜನವರಿಯಲ್ಲಿ ನಿಯಮ ಜಾರಿಗೆ ಬಂದಿತು. ಆ ಕೆಲಸಗಳಿಗೆ 28,000ಕ್ಕೂ ಹೆಚ್ಚು ಮಂದಿ ಹೆಂಗಸರು ಅರ್ಜಿ ಹಾಕಿದರೆಂದು ಕಾರ್ಮಿಕ ಖಾತೆ ಆಗ ತಿಳಿಸಿತು.

ಈ ಪ್ರಕರಣದಲ್ಲಿ ವಿಮರ್ಶಕನ ಗಮನ ಸೆಳೆಯುವುದು ಲಜ್ಜೆ ಎಂಬ ಒಂದೇ ಮಾತು ಎರಡು ಕಡೆಗೂ ಆಯುಧವಾದ ಬಗೆ. ಅಂದಿನ ಮಹಾಮುಫ್ತಿ ಅಬ್ದುಲ್ ಅಜೀಜ್ ಆಲ್ ಅಶ್ಶೇಖ್ ಈ ಬದಲಾವಣೆಯನ್ನು ವಿರೋಧಿಸಿದರು. ಹೆಣ್ಣು ಅಂಗಡಿಯಲ್ಲಿ ಗಂಡಸರಿಗೆ ಎದುರುನಿಂತು ಮಾರುವುದು ಲಜ್ಜೆಗೇಡು ಎಂಬುದು ಅವರ ವಾದದ ತಿರುಳು. ಚಳವಳಿಯವರೂ ಅದೇ ಮಾತನ್ನು ಹಿಡಿದರು: ಹೆಣ್ಣು ಗಂಡಸಿನಿಂದ ತನ್ನ ಒಳಉಡುಪನ್ನು ಕೊಳ್ಳಬೇಕಾಗುವುದೇ ಲಜ್ಜೆಗೇಡಲ್ಲವೇ? ಧರ್ಮವನ್ನು ಬಿಟ್ಟು ಹೊರಗೆ ಬನ್ನಿ ಎಂದು ಅವರು ಕರೆಯಲಿಲ್ಲ. ಧರ್ಮದ ಮಾತನ್ನೇ ಅದರ ನೆಟ್ಟ ಅರ್ಥದಲ್ಲಿ ನಡೆಸಿರಿ ಎಂದರು. ಮುಫ್ತಿಗಳಿಗೆ ಕಾಣಿಸಿದ್ದು ಮಾರುವ ಹೆಣ್ಣು; ರೀಮ್ ಅವರಿಗೆ ಕಾಣಿಸಿದ್ದು ಕೊಳ್ಳುವ ಹೆಣ್ಣು. ಕಾವ್ಯದಲ್ಲಿ ಎಂದೂ ಕಾಣದಿದ್ದ ಆ ಕೊಳ್ಳುವವಳು ಇಲ್ಲಿ ರಾಜಾಜ್ಞೆಗೆ ಕಾರಣಳಾದಳು. ಅದರಿಂದ ಸಾವಿರಾರು ಮನೆಗಳಿಗೆ ಹೆಣ್ಣಿನ ಸಂಬಳವೂ ಬರುವಂತಾಯಿತು.

ಹಾಗಾದರೆ ದಮಾಸ್ಕಸಿನವಳಿಗೆ ಆಗದ ಸಂಕೋಚ ಜಿದ್ದಾದವಳಿಗೆ ಏಕಾಯಿತು? ಗಂಡಸು ಮಾರುವುದೇ ಕಾರಣವಾದರೆ ಎರಡು ಕಡೆಯೂ ಆಗಬೇಕಿತ್ತು. ನಮ್ಮ ಹಳ್ಳಿಗಳ ಬಳೆಗಾರನನ್ನು ನೆನೆದರೆ ಇದಕ್ಕೆ ಉತ್ತರ ಹೊಳೆಯುತ್ತದೆ. ಪರಗಂಡಸು ಕೈಮುಟ್ಟುವುದನ್ನು ಒಪ್ಪದ ಮನೆಯಲ್ಲಿಯೂ ಬಳೆಗಾರ ಜಗುಲಿಯ ಮೇಲೆ ಕುಳಿತು ಸೊಸೆಯ ಕೈ ಹಿಡಿದು, ಮೃದುವಾಗಿ ಒತ್ತಿ, ಬಳೆ ಏರಿಸುತ್ತಾನೆ. ಅವನು ವರ್ಷವರ್ಷವೂ ಬರುವವನು. ತವರಿನ ಸುದ್ದಿ ತರುವವನು. 'ಅಣ್ಣ' ಎಂದೋ 'ಚಿಕ್ಕಪ್ಪ' ಎಂದೋ ಕರೆಸಿಕೊಳ್ಳುವವನು. ಸುತ್ತ ಅತ್ತೆ, ನಾದಿನಿ, ನೆರೆಯವರು ಇರುತ್ತಾರೆ. ಊರು ಕಟ್ಟಿಕೊಂಡ ಈ ಏರ್ಪಾಟಿನಲ್ಲಿ ಸ್ಪರ್ಶಕ್ಕೂ ಒಂದು ಮರ್ಯಾದೆ ದೊರೆತಿದೆ. ಹಮೀದಿಯಾ ಪೇಟೆಯಲ್ಲಿಯೂ ಇಂಥ ಏರ್ಪಾಟು ಕಾಣುತ್ತದೆ. ಅಂಗಡಿ ಮನೆತನದ್ದು, ಗಿರಾಕಿ ಗುಂಪಿನಲ್ಲಿ ಬರುವವಳು, ಜವಳಿ ತೆಗೆಯುವುದು ಮದುವೆಯ ಸಡಗರದ ಒಂದು ಅಂಗ, ಒಂದು ಅಂಗಡಿ ಹಿಡಿಸದಿದ್ದರೆ ಪಕ್ಕದ್ದು ಇದೆ. ಜಿದ್ದಾದ ಹೊಸ ಮಳಿಗೆಯಲ್ಲಿ ಇದಾವುದೂ ಇರಲಿಲ್ಲ. ಗಾಜಿನ ಗೋಡೆಯ ಅಂಗಡಿ, ಗುರುತಿಲ್ಲದ ಮಾರಾಟಗಾರ, ತೊಟ್ಟು ನೋಡಲು ಕೋಣೆಯಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅವನು ಬೇಡವೆಂದರೆ ಹೋಗಲು ಬೇರೆ ಜಾಗವಿಲ್ಲ. ಒಲ್ಲೆನೆನ್ನುವ ಅವಕಾಶ ಇದ್ದಲ್ಲಿ ಸಂಕೋಚ ತಾನಾಗಿ ಕರಗುತ್ತದೆ. ಅದು ಇಲ್ಲದಲ್ಲಿ ಎಷ್ಟು ಕಪ್ಪು ಬಟ್ಟೆ ಹೊದ್ದರೂ ಹೆಣ್ಣು ಬಯಲಲ್ಲಿ ನಿಂತಂತೆಯೇ.

ಈಗ 'ರಿಯಾದಿನ ಹುಡುಗಿಯರು' ಕಾದಂಬರಿಗೆ ಬರಬಹುದು. ಮೊದಲು ಇದನ್ನು ಮೆಚ್ಚಿ ಹಿಂಬದಿಯ ರಕ್ಷಾಪುಟಕ್ಕೆ ಮಾತು ಬರೆದುಕೊಟ್ಟವರಲ್ಲಿ ಅದೇ ಕವಿ ಸಚಿವ ಗೊಸೈಬಿ ಇದ್ದರು ಎಂಬುದು ಕೇವಲ ಕಾಕತಾಳೀಯವೆನಿಸದು. ನಾಲ್ವರು ಶ್ರೀಮಂತ ಗೆಳತಿಯರ ಪ್ರೇಮ ವಿವಾಹಗಳ ಕಥೆಯನ್ನು ಹೆಸರು ಹೇಳದ ಒಬ್ಬಳು ವಾರಕ್ಕೊಂದು ಇ-ಮೇಲಿನಲ್ಲಿ ಊರಿಗೆಲ್ಲ ಕಳುಹಿಸುವ ತಂತ್ರ ಇದರದು. ಅವರಲ್ಲಿ ಸದೀಮ್ ಎಂಬವಳ ಕಥೆ ನಮ್ಮ ವಿಷಯಕ್ಕೆ ಸೇರಿದ್ದು. ವಲೀದ್ ಎಂಬವನೊಡನೆ ಅವಳ ನಿಕಾಹ್ ಒಪ್ಪಂದಕ್ಕೆ ಸಹಿಯಾಗಿದೆ. ಧರ್ಮದ ದೃಷ್ಟಿಯಲ್ಲಿ ಅವರು ಗಂಡಹೆಂಡಿರೇ. ಮದುವೆಯ ಔತಣ ಮಾತ್ರ ಬಾಕಿ. ವಲೀದ್ ಅವಳಿಗೆ ಒಂದು ಕಪ್ಪು ರಾತ್ರಿಯುಡುಪು ತಂದುಕೊಟ್ಟಿದ್ದಾನೆ. ಅವನೆದುರಿಗೆ ಅದನ್ನು ತೊಡಲು ಅವಳು ಆಗ ಒಪ್ಪಿರಲಿಲ್ಲ. ಔತಣದ ದಿನ ಮುಂದಕ್ಕೆ ಹೋಗಿ ಅವನು ಮುನಿಸಿಕೊಂಡಾಗ, ಅವನನ್ನು ಒಲಿಸಲೆಂದು ಒಂದು ರಾತ್ರಿ ಅದನ್ನು ತೊಟ್ಟು ಅವನಿಗೆ ವಶವಾಗುತ್ತಾಳೆ. ಮರುದಿನದಿಂದ ಅವನ ಸುಳಿವಿಲ್ಲ. ಕೆಲಕಾಲದಲ್ಲಿ ವಿಚ್ಛೇದನದ ಕಾಗದ ಬರುತ್ತದೆ. ಏಕೆಂದು ಅವನು ಹೇಳುವುದೇ ಇಲ್ಲ.

ಇಡೀ ಕಾದಂಬರಿಯ ಅತ್ಯಂತ ಕ್ರೂರವಾದ ಸಂದರ್ಭ ಇದು, ಮತ್ತು ಅತ್ಯಂತ ನಿಜವಾದುದೂ ಹೌದು. ಉಡುಪನ್ನು ಕೊಂಡವನು ಅವನು, ತೊಡೆಂದು ಬಯಸಿದವನು ಅವನು, ತೊಟ್ಟಾಗ ಅವಳನ್ನು ಹಗುರಾಗಿ ಕಂಡವನೂ ಅವನೇ. ಶಾಸ್ತ್ರದ ಪಟ್ಟಿಯಲ್ಲಿ ಮೊದಲನೆಯ ಹೆಸರು ಗಂಡನದು; ಆ ಗಂಡನೇ ಪರಪುರುಷನಂತೆ ತೀರ್ಪು ಕೊಟ್ಟ. ದಮಾಸ್ಕಸಿನ ಅಂಗಡಿಯವ ಮಾರುವ ಸಂಭ್ರಮ ರಿಯಾದಿನ ಮನೆಯಲ್ಲಿ ಬಲೆಯಾಗುತ್ತದೆ. ಸದೀಮ್ ತಾನೇ ಹೋಗಿ, ತನಗೆ ಬೇಕಾದುದನ್ನು ಆರಿಸಿ, ತನಗೆ ಬೇಕಾದ ದಿನ ತೊಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತೆಂದು ಹೇಳುವುದು ಬಾಲಿಶವಾದೀತು. ಆದರೆ ಆಯ್ಕೆ ಒಂದು ಕಡೆಗೇ ಸೇರಿದಾಗ ಲಜ್ಜೆಯ ಭಾರವೆಲ್ಲ ಇನ್ನೊಂದು ಕಡೆಗೆ ಬೀಳುತ್ತದೆ ಎಂಬುದನ್ನು ಲೇಖಕಿ ಒಂದು ಉಡುಪಿನ ಮೂಲಕ ಮನದಟ್ಟು ಮಾಡಿದ್ದಾರೆ. ಇದೇ ಬಗೆಯ ನೋವನ್ನು ನಾವು ಕನ್ನಡದಲ್ಲಿ ಓದಿಲ್ಲವೇ? ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾ ಗಂಡಸರ ಮಾತಿನಿಂದಲೇ ಮದುವೆಯಾಗಿ, ಗಂಡಸರ ಮಾತಿನಿಂದಲೇ ಮದುವೆ ಮುರಿದುಕೊಳ್ಳುವವಳು. ನಾದಿರಾಳ ಬಡತನಕ್ಕೂ ಸದೀಮಳ ಸಿರಿಗೂ ಅಜಗಜಾಂತರ; ಅವರ ಪಾಲಿನ ಮೌನ ಮಾತ್ರ ಒಂದೇ.

ಕಾದಂಬರಿಗೆ ದೋಷಗಳಿಲ್ಲವೆಂದಲ್ಲ. ಹರಟೆಯ ಧಾಟಿ ಓದಿಸಿಕೊಂಡು ಹೋಗುತ್ತದೆ, ಆದರೆ ಆಳಕ್ಕೆ ಇಳಿಯಬೇಕಾದ ಕಡೆಯಲ್ಲಿಯೂ ಜಾರಿಹೋಗುತ್ತದೆ. ನಾಲ್ಕು ಪಾತ್ರಗಳೂ ಕಾರು, ಚಾಲಕ, ವಿದೇಶಯಾತ್ರೆಗಳ ವರ್ಗದವು. ಅವರ ಮನೆಯಲ್ಲಿ ದುಡಿಯುವ ಪರದೇಶದ ಹೆಂಗಸರು ನೆರಳಿನಂತೆ ಸುಳಿಯುತ್ತಾರೆಯೇ ಹೊರತು ಅವರಿಗೆ ಕಥೆಯಿಲ್ಲ. ಇಂಗ್ಲಿಷ್ ಆವೃತ್ತಿಯ ವಿಷಯವಾಗಿ ಇನ್ನೊಂದು ಎಚ್ಚರಿಕೆ ಹೇಳಬೇಕು. ಅನುವಾದಕಿ ಮೇರಿಲಿನ್ ಬೂತ್ ಅವರು ತಮ್ಮ ಅನುವಾದವನ್ನು ಪ್ರಕಾಶಕರೂ ಲೇಖಕಿಯೂ ಸೇರಿ ಬಹಳವಾಗಿ ಬದಲಿಸಿದರೆಂದು ಬಹಿರಂಗವಾಗಿಯೇ ಆಕ್ಷೇಪಿಸಿದರು. ಮೂಲದ ಅರಬ್ಬಿಯಲ್ಲಿ ಊರಿಗೊಂದು, ವರ್ಗಕ್ಕೊಂದು ಇರುವ ಆಡುಮಾತಿನ ಸೊಗಡು ಇಂಗ್ಲಿಷಿನಲ್ಲಿ ತೆಳುವಾಗಿದೆ. ಪಶ್ಚಿಮದ ಓದುಗನಿಗೆ ಒಗ್ಗುವಂತೆ ತಿದ್ದುವ ಚಪಲ ಸಿರಿಯದ ಗ್ರಂಥದ ಹೆಸರಿನಲ್ಲಿ ಕಂಡದ್ದೇ.

ನಮಗೆ ಇದರಿಂದ ಏನು ಎಂದು ವಾಚಕರು ಕೇಳಬಹುದು. ಸೌದಿಯ ಆ ಅಂಗಡಿಗಳಲ್ಲಿ ನಿಂತ ಗಂಡಸರಲ್ಲಿ ಬಹುಮಂದಿ ಹೊಟ್ಟೆಪಾಡಿಗೆ ಬಂದ ಪರದೇಶದವರು, ಬೇರೆ ಅರಬ್ ನಾಡುಗಳವರು, ನಮ್ಮ ಉಪಖಂಡದವರು. ಮಂಗಳೂರು, ಉಡುಪಿ, ಭಟ್ಕಳಗಳಿಂದ ಕೊಲ್ಲಿ ನಾಡುಗಳಿಗೆ ಹೋಗಿ ದುಡಿದ ಮನೆಗಳು ನಮ್ಮ ಕರಾವಳಿಯಲ್ಲಿ ಎಷ್ಟೋ. ತನ್ನ ಊರಿನಲ್ಲಿ ನೆರೆಯ ಹೆಣ್ಣಿನ ಮುಖವನ್ನು ನೇರವಾಗಿ ನೋಡದೆ ಬೆಳೆದ ಹುಡುಗನೊಬ್ಬ ಆರು ಸಾವಿರ ರೂಪಾಯಿಗೋ ಅರವತ್ತು ಸಾವಿರಕ್ಕೋ ಅಲ್ಲಿ ನಿಂತು ಅಪರಿಚಿತ ಹೆಂಗಸಿಗೆ ಎದೆಕಟ್ಟಿನ ಅಳತೆ ಕೇಳಬೇಕಾದರೆ ಅವನಿಗೂ ಲಜ್ಜೆಯಿರಲಿಲ್ಲವೇ? ನೋಟ ತಗ್ಗಿಸು ಎಂಬ ಮೊದಲ ಆದೇಶ ಅವನಿಗೇ ಇತ್ತು. ಅವನ ಉದ್ಯೋಗ ನೋಟವನ್ನೇ ಬೇಡಿತು. ನಿಯಮ ಬದಲಾದಾಗ ಅವನು ಕೆಲಸ ಕಳೆದುಕೊಂಡ. ಆ ಜಾಗಕ್ಕೆ ಬಂದ ಹೆಣ್ಣು ಮೊದಲ ಬಾರಿಗೆ ಸಂಬಳ ಕಂಡಳು. ಇಬ್ಬರ ಕಥೆಯೂ ಈ ಎರಡು ಪುಸ್ತಕಗಳಲ್ಲಿ ಇಲ್ಲ.

ಕನ್ನಡದಲ್ಲಿ ಅದು ಬರಬಾರದೆಂದಿಲ್ಲ. ಸಾರಾ ಅಬೂಬಕ್ಕರ್ ಹಾಕಿದ ದಾರಿ ಇದೆ. ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿ ಅವರ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದು ಲೋಕದ ಮುಂದೆ ನಿಂತಿವೆ. ಮುಸುಕಿನ ಹಿಂದೆ ಏನಿದೆ ಎಂಬ ಪರಕೀಯ ಕುತೂಹಲವನ್ನು ತಣಿಸಲು ಆ ಲೇಖಕಿಯರು ಬರೆಯಲಿಲ್ಲ. ಮನೆಯ ಒಳಗಿನವರು ಒಳಗಿನವರೊಡನೆ ಆಡುವ ಮಾತಿನಲ್ಲಿ ಬರೆದರು. ಆದ್ದರಿಂದಲೇ ಹೊರಗಿನವರಿಗೂ ಅದು ಕೇಳಿಸಿತು.

ಮುಸಲ್ಮಾನ ಸ್ತ್ರೀಯ ಉಡುಪಿನ ಬಗ್ಗೆ ಮಾತಾಡುವವರು ಇಂದು ಬಹಳ. ಮುಚ್ಚು ಎನ್ನುವವರೂ ತೆಗೆ ಎನ್ನುವವರೂ ಬಟ್ಟೆಯನ್ನೇ ನೋಡುತ್ತಿದ್ದಾರೆ. ಜಿದ್ದಾದ ಹೆಂಗಸರು ಕೇಳಿದ್ದು ಇವೆರಡರ ನಡುವೆ ಕಾಣದೆಹೋದ ಒಂದು ಸಣ್ಣ ವಿಷಯವನ್ನು: ಅಂಗಡಿಯಲ್ಲಿ ಎದುರಿಗೆ ಒಬ್ಬ ಹೆಂಗಸು ನಿಂತಿರಲಿ, ತೊಟ್ಟು ನೋಡಲು ಚಿಲಕವಿರುವ ಒಂದು ಕೋಣೆಯಿರಲಿ. ಲಜ್ಜೆಯ ವಿಷಯದಲ್ಲಿ ದೊಡ್ಡ ದೊಡ್ಡ ಗ್ರಂಥಗಳು ಹೇಳಲಾರದ್ದನ್ನು ಆ ಬೇಡಿಕೆ ಹೇಳಿದೆ ಎಂದರೆ ಅತಿಶಯೋಕ್ತಿಯಾಗಲಾರದು.